ಎರಡು ಮೈಲಿ ದೂರದ ವಿದೇಶಿ ಗೋಧಿ

ಧಾನ್ಯ ಭರವಸೆ ಮಂಡಳಿಯ ನಿಯಮಾವಳಿಯ ನಾಲ್ಕನೆಯ ಅಧ್ಯಾಯ, ಹದಿನೇಳನೆಯ ಕಲಮಿನ ಪ್ರಕಾರ, ಇಲಿ ಎಂದರೆ ಇಲಿ, ಇಲಿಯ ಹಿಕ್ಕೆ, ಇಲಿಯ ಹೆಜ್ಜೆಗುರುತು ಅಥವಾ ಇಲಿಯೆಂದು ಗುರುತಿಸಬಹುದಾದ ಇನ್ನಾವುದೇ ಆಕಾರ. ಈ ವ್ಯಾಖ್ಯೆಯನ್ನು ಬರೆದವರು ಯಾರೆಂದು ಮಂಡಳಿಗೂ ಗೊತ್ತಿಲ್ಲ. ಆದರೆ ಬರೆದಾಗಿದೆ, ಅಚ್ಚಾಗಿದೆ, ಆದ್ದರಿಂದ ಅದು ಸರಿಯಾಗಿದೆ.

ನನ್ನ ಹೆಸರು ಕ್ಲಿಫ್. ಬ್ರೆಂಟ್‌ವಿಕ್ ಹಿಟ್ಟಿನ ಗಿರಣಿಯ ಗೇಟಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಗೋಧಿಯ ಲಾರಿ ಬಂದರೆ ವೇಬ್ರಿಡ್ಜ್ ಮೇಲೆ ಹತ್ತಿಸಿ ತೂಕ ಬರೆದುಕೊಳ್ಳುತ್ತೇನೆ, ಉದ್ದನೆಯ ಕೊಳವೆಯನ್ನು ಕಾಳಿನೊಳಗೆ ಚುಚ್ಚಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಕಾಳು ಗಟ್ಟಿಯೋ ಜೊಳ್ಳೋ, ಒಣಗಿದೆಯೋ ಹಸಿಯೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಆದರೆ ಇದಾವುದೂ ನನ್ನ ಕೆಲಸದ ಮುಖ್ಯ ಭಾಗವಲ್ಲ. ಲಾರಿಯವನ ಕಾಗದದ ಮೇಲೆ ಮಂಡಳಿಯ ಹಸಿರು ಮೊಲದ ಚಿತ್ರದ ಚೀಟಿ ಅಂಟಿಸಿದೆಯೇ ಎಂದು ನೋಡುವುದು ಮುಖ್ಯ ಭಾಗ. ಚೀಟಿ ಇದ್ದರೆ ಅದು ಗೋಧಿ. ಇಲ್ಲದಿದ್ದರೆ ಹಂದಿಯ ಮೇವು.

ಮಂಡಳಿಗೆ ಸೇರುವುದು ರೈತರಿಗೆ ಸಂಪೂರ್ಣವಾಗಿ ಐಚ್ಛಿಕ. ಸೇರದವರ ಗೋಧಿಯನ್ನು ಯಾವ ಗಿರಣಿಯೂ ಕೊಳ್ಳುವುದಿಲ್ಲ, ಅಷ್ಟೇ. ಸೇರಿದವರು ವರ್ಷಕ್ಕೊಮ್ಮೆ ಚಂದಾ ಕೊಡಬೇಕು, ವರ್ಷಕ್ಕೊಮ್ಮೆ ಬರುವ ತಪಾಸಕನಿಗೆ ಚಹಾ ಕೊಡಬೇಕು, ಬಲ್ಬಿಗೆ ಕವಚ ಹಾಕಬೇಕು, ಪೊರಕೆ ತೊಳೆದ ದಿನಾಂಕ ಬರೆದಿಡಬೇಕು. ಇದರಿಂದ ಗ್ರಾಹಕರಿಗೆ ಭರವಸೆ ಮೂಡುತ್ತದೆ. ಗ್ರಾಹಕರನ್ನು ಈ ಬಗ್ಗೆ ಯಾರೂ ಕೇಳಿಲ್ಲ, ಕೇಳಿದರೆ ಭರವಸೆಗೆ ಧಕ್ಕೆಯಾಗಬಹುದು ಎಂದು ಮಂಡಳಿ ಅಭಿಪ್ರಾಯಪಟ್ಟಿದೆ.

ಥೆಲ್ಮಾ ಲೆಗಟ್‌ಳ ಹೊಲ ಗಿರಣಿಯಿಂದ ಎರಡು ಮೈಲಿ. ನನ್ನ ಗೇಟಿನ ಕಿಟಕಿಯಿಂದ ನೋಡಿದರೆ ಕಾಲುವೆಯಾಚೆ ಅವಳ ಗೋದಾಮಿನ ತಗಡಿನ ಚಾವಣಿ ಕಾಣುತ್ತದೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಲೆಕ್ಕದಲ್ಲಿ ಅವಳು ನನಗಿಂತ ಮುಂದು, ಬೈಗುಳದಲ್ಲೂ. ಅವಳಜ್ಜ ಕುದುರೆಗಾಡಿಯಲ್ಲಿ ಈ ಗಿರಣಿಗೆ ಗೋಧಿ ತಂದವನು. ಅಪ್ಪ ಟ್ರ್ಯಾಕ್ಟರಿನಲ್ಲಿ ತಂದ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅವಳೊಬ್ಬಳೇ ಬಿತ್ತಿ, ಕೊಯ್ದು, ಲಾರಿ ಗೊತ್ತುಮಾಡಿ ಕಳಿಸುತ್ತಾಳೆ. ಬೇರೆ ಬೆಳೆ ಹಾಕು, ಸೋಲಾರ್ ಹಲಗೆಯವರಿಗೆ ಹೊಲ ಕೊಡು ಎಂದು ಹೇಳಿದವರಿಗೆಲ್ಲ ಅವಳ ಉತ್ತರ ಒಂದೇ. ಲೆಗಟ್ ಹೊಲದ ಗೋಧಿ ಲೆಗಟ್ ಹೊಲದ ಗೋಧಿ ಎನಿಸಿಕೊಂಡೇ ನಮ್ಮೂರ ಗಿರಣಿಗೆ ಹೋಗಬೇಕು, ನಮ್ಮೂರ ಜನ ಅದರ ಬ್ರೆಡ್ ತಿನ್ನಬೇಕು. ಅವಳಿಗೆ ಬೇಕಾಗಿದ್ದುದು ಇಷ್ಟೇ.

ಕಳೆದ ಫೆಬ್ರವರಿಯಲ್ಲಿ ಅವಳ ಗೋದಾಮಿನಲ್ಲಿ ಮುನ್ನೂರು ಟನ್ ಗೋಧಿ ಇತ್ತು. ಆಗಸ್ಟಿನಲ್ಲಿ ಹೊಸ ಬೆಳೆ ಬರುವ ಮೊದಲು ಗೋದಾಮು ಖಾಲಿಯಾಗಬೇಕು. ಆಗ ತಪಾಸಕ ಡಂಕನ್ ಫರ್ತ್ ಬಂದ.

ಡಂಕನ್ ಒಳ್ಳೆಯ ಹುಡುಗ. ಹಿಂದೆ ಈಜುಕೊಳಗಳ ತಪಾಸಣೆ ಮಾಡುತ್ತಿದ್ದವನು, ಮೂರು ದಿನಗಳ ತರಬೇತಿಯ ನಂತರ ಧಾನ್ಯಕ್ಕೆ ಬಡ್ತಿ ಪಡೆದಿದ್ದ. ಅವನು ಕಾಳನ್ನು ಮುಟ್ಟಲಿಲ್ಲ, ಏಕೆಂದರೆ ನಮೂನೆಯಲ್ಲಿ ಕಾಳನ್ನು ಮುಟ್ಟುವ ಅಂಕಣವಿಲ್ಲ. ಬಲ್ಬು ನೋಡಿದ, ಪೊರಕೆ ನೋಡಿದ, ಕಾಗದಗಳನ್ನು ಎರಡು ಗಂಟೆ ಓದಿದ. ಎಲ್ಲ ಸರಿಯಿತ್ತು. ಹೊರಡುವಾಗ ತಲೆಯೆತ್ತಿ ಬಾಗಿಲ ಮೇಲೆ ನೋಡಿದ.

ಬಾಗಿಲ ಮೇಲೆ ಸುಗ್ಗಿಯ ರೊಟ್ಟಿ ತೂಗುಹಾಕಿತ್ತು. ಸೆಪ್ಟೆಂಬರಿನಲ್ಲಿ ಇಗರ್ಜಿಯಲ್ಲಿ ಸುಗ್ಗಿಯ ಪ್ರಾರ್ಥನೆಗೆ ನಮ್ಮ ಕಡೆ ತೆನೆಯ ಕಟ್ಟಿನ ಆಕಾರದಲ್ಲಿ ಒಂದು ದೊಡ್ಡ ರೊಟ್ಟಿ ಸುಡುತ್ತಾರೆ. ಮೊಳಕೈ ಉದ್ದ ಇರುತ್ತದೆ, ಒಂದೊಂದು ತೆನೆಯನ್ನೂ ಕತ್ತರಿಯಿಂದ ಕೊಯ್ದು ಬಿಡಿಸಿರುತ್ತಾರೆ. ಕೆಳಗಡೆ ದಂಟಿನ ಮೇಲೆ ಹಿಟ್ಟಿನದೇ ಒಂದು ಪುಟ್ಟ ಇಲಿ ಹತ್ತುತ್ತಿರಬೇಕು, ಕಣ್ಣಿಗೆ ಒಣದ್ರಾಕ್ಷಿಯ ಚೂರು. ಇಲಿ ಇಲ್ಲದ ರೊಟ್ಟಿಯನ್ನು ಪಾದ್ರಿ ಒಪ್ಪಿದರೂ ಊರಿನವರು ಒಪ್ಪುವುದಿಲ್ಲ. ಪ್ರತಿವರ್ಷ ಅದನ್ನು ಸುಡುವವಳು ಥೆಲ್ಮಾ. ಪ್ರಾರ್ಥನೆ ಮುಗಿದ ಮೇಲೆ ಅದಕ್ಕೆ ವಾರ್ನಿಷ್ ಬಳಿದು ಮುಂದಿನ ಸುಗ್ಗಿಯವರೆಗೂ ಗೋದಾಮಿನ ಬಾಗಿಲಿಗೆ ಕಟ್ಟುತ್ತಾಳೆ. ಮೂವತ್ತೊಂದು ವರ್ಷದಿಂದ ಹೀಗೇ ನಡೆದಿತ್ತು, ತಪಾಸಕರು ಅದನ್ನು ನೋಡಿ ನಕ್ಕು ಹೋಗುತ್ತಿದ್ದರು. ಡಂಕನ್ ನಗಲಿಲ್ಲ. ತರಬೇತಿಯಲ್ಲಿ ನಗಬಾರದೆಂದು ಹೇಳಿದ್ದರು.

"ಅದೇನು ಮಿಸೆಸ್ ಲೆಗಟ್?" ಎಂದು ಕೇಳಿದ.

"ರೊಟ್ಟಿ ಕಣಪ್ಪ."

"ಅದರ ಮೇಲೆ?"

"ಇಲಿ."

ಡಂಕನ್ ಬರೆದುಕೊಂಡ. ಮಾಲೀಕರೇ ಒಪ್ಪಿಕೊಂಡಿದ್ದಾರೆ ಎಂದೂ ಸೇರಿಸಿದ.

"ಅಯ್ಯೋ, ಹಿಟ್ಟಿನ ಇಲಿ ಅದು. ಮುಟ್ಟಿ ನೋಡು ಬೇಕಾದ್ರೆ."

"ಮುಟ್ಟೋ ಹಾಗಿಲ್ಲ ಮೇಡಂ. ಸೋಂಕು ಇರಬಹುದು."

ಮೂರು ದಿನದಲ್ಲಿ ಪತ್ರ ಬಂತು. ದಾಸ್ತಾನು ಕೊಠಡಿಯ ಪ್ರವೇಶದ್ವಾರದಲ್ಲಿ ದಂಶಕ ಪ್ರಾಣಿಯ ಆಕಾರವು ಆರೋಹಣದ ಭಂಗಿಯಲ್ಲಿ ಕಂಡುಬಂದಿರುವುದರಿಂದ ಪ್ರಮಾಣಪತ್ರವನ್ನು ಅಮಾನತುಗೊಳಿಸಿದೆ ಎಂದು ಅದರಲ್ಲಿತ್ತು. ರೊಟ್ಟಿಯನ್ನು ತೆಗೆದುಹಾಕಿದರೆ ಸಾಕೇ ಎಂದು ಥೆಲ್ಮಾ ಫೋನಿನಲ್ಲಿ ಕೇಳಿದಳು. ತೆಗೆದರೆ ಸಾಕ್ಷ್ಯನಾಶವಾಗುತ್ತದೆ, ಎರಡು ವರ್ಷ ಸದಸ್ಯತ್ವ ಹೋಗುತ್ತದೆ ಎಂದು ಉತ್ತರ ಬಂತು. ಸರಿಪಡಿಸುವ ಕ್ರಮ ಒಂದೇ. ಮಂಡಳಿ ಒಪ್ಪಿದ ಕಂಪನಿಯವರು ಬಂದು ಪಾಷಾಣ ಇಡಬೇಕು, ಇಪ್ಪತ್ತೆಂಟು ದಿನಗಳ ನಂತರ ಇಲಿ ಇಲ್ಲವಾಗಿರಬೇಕು.

ಕಂಪನಿಯವರು ಬಂದರು. ರೊಟ್ಟಿಯ ಸುತ್ತ ಆರು ಡಬ್ಬಿ ಇಟ್ಟು ನಕ್ಷೆ ಬರೆದು ಹೋದರು. ಇಪ್ಪತ್ತೆಂಟನೆಯ ದಿನ ಬಂದು ತೂಗಿ ನೋಡಿದರೆ ಪಾಷಾಣ ಒಂದು ಗ್ರಾಂ ಕೂಡ ಕಡಿಮೆಯಾಗಿರಲಿಲ್ಲ. ಅವರ ವರದಿಯನ್ನು ನಾನೇ ಓದಿದ್ದೇನೆ: "ಪಾಷಾಣಕ್ಕೆ ಇಲಿಯು ಸ್ಪಂದಿಸಿಲ್ಲ. ಮೊದಲಿನ ಸ್ಥಳದಲ್ಲೇ ಇದೆ. ಆರೋಗ್ಯದಲ್ಲಿ ಯಾವುದೇ ಇಳಿಮುಖ ಕಾಣುವುದಿಲ್ಲ. ಪ್ರಬಲ ಔಷಧಿಯನ್ನು ಶಿಫಾರಸು ಮಾಡಿದೆ." ಥೆಲ್ಮಾ ಮೇಲ್ಮನವಿ ಹಾಕಿದಳು. ಮೇಲ್ಮನವಿಯ ಮೇಲೆ ಚಾಲ್ತಿಯಲ್ಲಿರುವ ಪ್ರಮಾಣಪತ್ರದ ಸಂಖ್ಯೆ ಬರೆಯಬೇಕಿತ್ತು. ಅವಳ ಪ್ರಮಾಣಪತ್ರ ಚಾಲ್ತಿಯಲ್ಲಿರಲಿಲ್ಲ, ಆದ್ದರಿಂದ ಮೇಲ್ಮನವಿ ತೆರೆಯದೆ ವಾಪಸು ಬಂತು.

ಮೇ ತಿಂಗಳ ಒಂದು ಬೆಳಿಗ್ಗೆ ಅವಳು ಲಾರಿಯವನ ಪಕ್ಕದಲ್ಲಿ ಕೂತು ಸ್ವತಃ ಗೇಟಿಗೆ ಬಂದಳು. ಇಪ್ಪತ್ತೊಂಬತ್ತು ಟನ್ ಗೋಧಿ. ಕೊಳವೆ ಚುಚ್ಚುವ ಮೊದಲೇ ನನಗೆ ಅದರ ವಾಸನೆಯಲ್ಲಿ ಗೊತ್ತಾಯಿತು, ಅಂಥ ಕಾಳು ವರ್ಷಕ್ಕೆ ನಾಲ್ಕೈದು ಲಾರಿ ಬಂದರೆ ಹೆಚ್ಚು. ಕಾಗದ ನೋಡಿದೆ. ಮೊಲ ಇರಲಿಲ್ಲ.

"ವಾಪಸು ತಗೊಂಡ್ ಹೋಗೇ ಥೆಲ್ಮಾ," ಎಂದೆ.

"ಪರೀಕ್ಷೆ ಮಾಡಿ ನೋಡೋ. ಕೆಟ್ಟಿದ್ರೆ ನಾನೇ ಕಾಲುವೇಲಿ ಸುರೀತೀನಿ."

"ಚೀಟಿ ಇಲ್ದೆ ಪರೀಕ್ಷೆ ಮಾಡೋ ಹಾಗಿಲ್ಲ ಕಣೇ."

ಅವಳು ನನ್ನ ಹಿಂದೆ ನೋಡಿದಳು. ಸಾಲ್ಟ್‌ಹೋಮ್ ಹಡಗಿನ ಧಕ್ಕೆಯಿಂದ ಬಂದ ನಾಲ್ಕು ಲಾರಿಗಳು ಇನ್ನೊಂದು ಗೇಟಿನಿಂದ ಒಳಗೆ ಹೋಗುತ್ತಿದ್ದವು. ಹಡಗಿನಲ್ಲಿ ಬಂದ ಗೋಧಿ. ಅದರ ಕಾಗದದಲ್ಲಿ ಯಾವ ಮೊಲವೂ ಇರಲಿಲ್ಲ, ಊರಿನ ಹೆಸರಿದ್ದ ಕಡೆ ಕಾಫಿ ಚೆಲ್ಲಿತ್ತು. ನಮ್ಮವರು ಮಾದರಿ ತೆಗೆದು, ಹತ್ತು ನಿಮಿಷ ಪರೀಕ್ಷಿಸಿ, ಹಸಿರು ದೀಪ ಹಾಕಿ ಒಳಗೆ ಬಿಡುತ್ತಿದ್ದರು. ನನಗೆ ನಾಚಿಕೆಯಾಯಿತು. ಗೇಟಿನ ದಿನಚರಿಯಲ್ಲಿ ಅದಕ್ಕೆ ಅಂಕಣವಿಲ್ಲದ್ದರಿಂದ ಹವಾಮಾನದ ಅಂಕಣದಲ್ಲಿ ಬರೆದೆ.

ಥೆಲ್ಮಾ ಇಳಿದು ನೇರವಾಗಿ ವ್ಯವಸ್ಥಾಪಕರ ಕೋಣೆಗೆ ಹೋದಳು. ವ್ಯವಸ್ಥಾಪಕರಾದ ರೋಲೆಂಡ್ ಹ್ಯಾಕ್ಸ್‌ಬಿಯವರು ಇಪ್ಪತ್ತು ವರ್ಷದಿಂದ ಅವಳನ್ನು ಬಲ್ಲವರು, ಅವಳ ಗಂಡನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ನಾನು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ರೋಲೆಂಡ್, ಆ ಹಡಗಿನ ಗೋಧಿ ಬೆಳೆದವನ ಗೋದಾಮು ಯಾರು ನೋಡಿದಾರೆ?" ಎಂದು ಕೇಳಿದಳು.

"ಯಾರೂ ನೋಡಿಲ್ಲ ಥೆಲ್ಮಾ. ಅದಕ್ಕೇ ಅದರಲ್ಲಿ ಏನೂ ದೋಷ ಸಿಕ್ಕಿಲ್ಲ."

"ಅವನ ಪೊರಕೆ? ಬಲ್ಬು?"

"ಅವನನ್ನ ಕೇಳೋಕೆ ಆಗಲ್ಲ. ಅವನು ಯಾರು ಅಂತಾನೇ ಗೊತ್ತಿಲ್ಲ. ಕೇಳೋಕೆ ಆಗೋರನ್ನ ಕೇಳ್ತೀವಿ."

"ಅಂದ್ರೆ ನಾನು ಹತ್ತಿರದಲ್ಲಿ ಇರೋದೇ ತಪ್ಪು."

"ತಪ್ಪು ಅಂತ ಅಲ್ಲ. ಅನುಕೂಲ," ಎಂದರು ಹ್ಯಾಕ್ಸ್‌ಬಿ. ಅವರಿಗೆ ಬೇಸರವಾದದ್ದು ಕಾಣುತ್ತಿತ್ತು. ಬೇಸರವಾದಾಗ ಅವರು ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳುತ್ತಾರೆ. ಅವಳು ಒಂದು ಬಿಸ್ಕತ್ತು ತೆಗೆದುಕೊಂಡು, ಇದರ ಹಿಟ್ಟು ಯಾರದೋ ದೇವರಿಗೇ ಗೊತ್ತು ಎಂದು ಅಲ್ಲೇ ಇಟ್ಟು ಬಂದಳು.

ಇಲ್ಲಿಂದ ಮುಂದೆ ನಡೆದದ್ದೆಲ್ಲ ಕಾನೂನುಬದ್ಧ. ನಾನು ಮೂರು ಸಲ ಪರಿಶೀಲಿಸಿದ್ದೇನೆ.

ಸಾಲ್ಟ್‌ಹೋಮ್ ಧಕ್ಕೆಗೆ ಧಾನ್ಯ ತರುವ ಹಡಗುಗಳಲ್ಲಿ ಯಾಪ್ ಎಂಬ ಡಚ್ಚನ ಸಣ್ಣ ಹಡಗೂ ಒಂದು. ಇಲ್ಲಿ ಇಳಿಸಿ ಖಾಲಿ ಹೋಗುವುದು ಅವನಿಗೆ ಯಾವಾಗಲೂ ಸಂಕಟ. ಧಕ್ಕೆಯ ಮುಂದಿನ ಪಬ್ಬಿನಲ್ಲಿ ಥೆಲ್ಮಾ ಅವನ ಎದುರು ಕೂತು, ತನ್ನ ಮುನ್ನೂರು ಟನ್ ಗೋಧಿಯನ್ನು ಆಚೆ ದಡಕ್ಕೆ ಒಯ್ದು ಮತ್ತೆ ಇಲ್ಲಿಗೇ ತರಲು ಎಷ್ಟು ದಿನ ಬೇಕು ಎಂದು ಕೇಳಿದಳು. ಯಾಪ್ ತುಂಬಾ ಹೊತ್ತು ಯೋಚಿಸಿದ. ಎರಡು ದಿನ ಸಾಕು, ಆದರೆ ಯಾಕೆ ಎಂದ. ಗೋಧಿಗೆ ಸ್ವಲ್ಪ ಗಾಳಿ ಬದಲಾವಣೆ ಬೇಕಂತೆ ಎಂದಳು ಥೆಲ್ಮಾ. ಯಾಪ್ ಮರುಪ್ರಶ್ನೆ ಹಾಕಲಿಲ್ಲ. ಇಂಗ್ಲಿಷರ ಜೊತೆ ವ್ಯವಹಾರ ಮಾಡಿ ಅವನಿಗೆ ಅಭ್ಯಾಸವಾಗಿತ್ತು.

ಜೂನ್ ಎರಡನೇ ವಾರ ಹಡಗು ಹೊರಟಿತು. ಗೋಧಿ ಯಾರದೋ ಕೈಲಿ ಕೆಡುವುದು ಬೇಡ ಎಂದು ಥೆಲ್ಮಾ ತಾನೂ ಹತ್ತಿದಳು. ಬ್ರೆಡ್ಡಿನ ನಡುವೆ ಚೀಸು ಉಪ್ಪಿನಕಾಯಿ ಇಟ್ಟುಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ಹೊಲಕ್ಕೆ ಹಾಕುವ ಕೋಟಿನಲ್ಲೇ ಹೋದಳು. ಹಡಗಿನ ಅಂಚು ಹಿಡಿದು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳಂತೆ. ಆಚೆ ಬಂದರಿನಲ್ಲಿ ಹಡಗು ಒಂದು ಮಧ್ಯಾಹ್ನ ನಿಂತಿತು. ಅಲ್ಲಿನ ಗುಮಾಸ್ತ ಹತ್ತಿ ಬಂದು, ಗೋಧಿ ನೋಡಿ, ಈ ಬಂದರಿನಿಂದ ಹೊರಟ ಸರಕು ಎಂದು ಮುದ್ರೆಯೊತ್ತಿ ಕೊಟ್ಟ. ಅದರಲ್ಲಿ ಸುಳ್ಳೇನೂ ಇಲ್ಲ, ಹಡಗು ಅಲ್ಲಿಂದ ಹೊರಟೇ ಹೊರಟಿತು. ಮೂರನೆಯ ದಿನ ಸಾಲ್ಟ್‌ಹೋಮಿನಲ್ಲಿ ಇಳಿಸಿದರು. ಅಲ್ಲಿಂದ ಹತ್ತು ಲಾರಿಗಳು ನಮ್ಮ ಇನ್ನೊಂದು ಗೇಟಿಗೆ ಬಂದವು. ಬರುವ ದಾರಿಯಲ್ಲಿ ಅವು ಥೆಲ್ಮಾಳ ಗೋದಾಮಿನ ಮುಂದೆಯೇ ಹಾದುಬಂದವು, ಬೇರೆ ದಾರಿ ಇಲ್ಲ.

ಮಾದರಿ ತೆಗೆದವನು ನಾನೇ. ಪ್ರಯೋಗಾಲಯದ ಹುಡುಗಿ ಪ್ರೋಟೀನ್ ಅಂಕಿಯನ್ನು ಎರಡು ಸಲ ಓದಿ, ಯಂತ್ರ ಕೆಟ್ಟಿದೆಯೇನೋ ಎಂದು ಮೂರನೆಯ ಸಲ ಹಾಕಿ ನೋಡಿದಳು. ಹ್ಯಾಕ್ಸ್‌ಬಿಯವರು ಮೇಲಿನಿಂದ ಇಳಿದು ಬಂದು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡರು. ಹಲ್ಲಲ್ಲಿ ಕಡಿದು ನೋಡಿದರು.

"ನೋಡಿದ್ಯಾ ಕ್ಲಿಫ್? ಇದು ಗೋಧಿ ಅಂದ್ರೆ. ನಮ್ಮೋರಿಗೆ ಇಂಥದ್ದು ಬೆಳೆಯೋಕೆ ಇನ್ನೂ ನೂರು ವರ್ಷ ಬೇಕು."

ಲಾರಿಯ ಪಕ್ಕದಲ್ಲೇ ಥೆಲ್ಮಾ ಅದೇ ಕೋಟಿನಲ್ಲಿ ನಿಂತಿದ್ದಳು, ಮುಖ ಇನ್ನೂ ಬಿಳಿಚಿತ್ತು. ಅವಳು ಇದು ನಂದು ಕಣ್ರೀ, ಲೆಗಟ್ ಹೊಲದ್ದು ಎಂದಳು. ಹ್ಯಾಕ್ಸ್‌ಬಿಯವರು ಕಾಗದ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಕಾಗದ ನೋಡಿದರು. ಕಾಗದದಲ್ಲಿ ಹಾಗಿಲ್ಲವಲ್ಲ ಎಂದು ಬಹಳ ಮೃದುವಾಗಿ ಹೇಳಿದರು. ಆಮೇಲೆ ತಮ್ಮ ಕೈಯಾರೆ ಹಸಿರು ದೀಪ ಹಾಕಿದರು. ಗೋದಾಮು ಖಾಲಿಯಾಗಿತ್ತು, ಗೋಧಿ ಗಿರಣಿ ಸೇರಿತ್ತು. ಥೆಲ್ಮಾ ಗೆದ್ದಳು ಎಂದೇ ನಾನು ಅವತ್ತು ತಿಳಿದುಕೊಂಡೆ. ಪಬ್ಬಿನಲ್ಲಿ ಅವಳಿಗೆ ನಾನೇ ಕುಡಿಸಿದೆ. ಅವಳು ಅರ್ಧ ಲೋಟ ಬಿಟ್ಟು ಎದ್ದು ಹೋದಳು.

ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಜುಲೈ ಹೊತ್ತಿಗೆ ಸಾಲ್ಟ್‌ಹೋಮ್ ಧಕ್ಕೆಯಲ್ಲಿ ನಮ್ಮ ಜಿಲ್ಲೆಯ ಟ್ರೇಲರುಗಳು ಒಂದರ ಹಿಂದೊಂದು ನಿಂತವು. ಯಾರದೋ ಬಲ್ಬು ಒಡೆದಿತ್ತು, ಯಾರದೋ ಪೊರಕೆಯ ದಿನಾಂಕ ತಪ್ಪಿತ್ತು, ಕೆಲವರದ್ದು ಏನೂ ತಪ್ಪಿರಲಿಲ್ಲ, ಚಂದಾ ಉಳಿಯುತ್ತದೆ ಎಂದು ಬಂದಿದ್ದರು. ಗೋಧಿ ಹೋಗಿ ಗೋಧಿ ಬರುತ್ತಿತ್ತು. ಯಾಪ್ ಇನ್ನೊಂದು ಹಡಗು ಕೊಂಡ.

ಮಂಡಳಿ ಎಚ್ಚೆತ್ತುಕೊಂಡಿತು. ಮೊದಲಿಗೆ ರೈತರ ಅಭಿಪ್ರಾಯ ಕೇಳಲು ಊರ ಸಭಾಭವನದಲ್ಲಿ ಸಭೆ ಕರೆದರು. ಥೆಲ್ಮಾಳ ಪ್ರಮಾಣಪತ್ರ ಅಮಾನತಿನಲ್ಲಿದ್ದುದರಿಂದ ಅವಳನ್ನು ಕರೆದಿರಲಿಲ್ಲ, ಉಳಿದ ನಲವತ್ತೊಂದು ಮಂದಿ ಬಂದಿದ್ದರು. ನಲವತ್ತು ಮಂದಿ ಒಂದೇ ಮಾತು ಹೇಳಿದರು, ಗೋಧಿ ಎಲ್ಲಿಂದಲಾದರೂ ಬರಲಿ, ಎಲ್ಲರದ್ದನ್ನೂ ಒಂದೇ ಥರ ಪರೀಕ್ಷೆ ಮಾಡಿ, ಚೆನ್ನಾಗಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ ಎಂದು. ನಲವತ್ತೊಂದನೆಯವನು ನಿದ್ದೆಹೋಗಿದ್ದ. ಮಂಡಳಿಯ ಕಾರ್ಯದರ್ಶಿ ಎಲ್ಲವನ್ನೂ ಬರೆದುಕೊಂಡು, ಚಹಾ ಕುಡಿದು, ತುಂಬಾ ಉಪಯುಕ್ತವಾಯಿತು ಎಂದು ಹೇಳಿ ಹೋದರು. ಹತ್ತು ದಿನದಲ್ಲಿ ಪ್ರಕಟಣೆ ಬಂತು. ಅದನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತಿದ್ದೇನೆ.

"ಸಭೆಯಲ್ಲಿ ಯಾವುದೇ ಆಕ್ಷೇಪಣೆ ವ್ಯಕ್ತಪಡಿಸದ ಸದಸ್ಯರ ಅಭಿಪ್ರಾಯವನ್ನು ಆಧರಿಸಿ ಮಂಡಳಿಯು ಈ ಕೆಳಕಂಡಂತೆ ಆದೇಶಿಸಿದೆ. ದೇಶೀಯ ಗೋಧಿಗೆ ಈಗಿರುವ ಎಲ್ಲಾ ನಿಯಮಗಳು ಮುಂದುವರಿಯತಕ್ಕದ್ದು. ಸಮುದ್ರ ದಾಟಿದ ಗೋಧಿಯು ಮಂಡಳಿಯ ವ್ಯಾಪ್ತಿಗೆ ಬರತಕ್ಕದ್ದಲ್ಲ. ಆದಾಗ್ಯೂ, ಪದೇ ಪದೇ ಸಮುದ್ರ ದಾಟುವುದರಿಂದ ಇಂಧನ ವ್ಯರ್ಥವಾಗಿ ಪರಿಸರಕ್ಕೆ ಹಾನಿಯಾಗುವುದನ್ನು ಮನಗಂಡು, ಒಮ್ಮೆ ದಾಟಿದ ಗೋಧಿಯ ಹೊಲವನ್ನು ಖಾಯಂ ಆಗಿ ದಾಟಿದ ಹೊಲವೆಂದು ಭಾವಿಸತಕ್ಕದ್ದು. ಅಂಥ ಹೊಲದ ಮಾಲೀಕರು ಸಾಗರೋತ್ತರ ಪೂರೈಕೆದಾರರೆಂದು ನೋಂದಾಯಿಸಿಕೊಳ್ಳಬಹುದು. ನೋಂದಣಿಯು ಸಂಪೂರ್ಣವಾಗಿ ಐಚ್ಛಿಕ."

ಅಂದರೆ ಹೊಲ ಇದ್ದಲ್ಲೇ ಇರುತ್ತದೆ, ಕಾಗದದಲ್ಲಿ ಮಾತ್ರ ಸಮುದ್ರದಾಚೆ ಇರುತ್ತದೆ. ಅಲ್ಲಿನ ಗೋಧಿಗೆ ಚೀಟಿ ಬೇಡ, ತಪಾಸಣೆ ಬೇಡ, ಹತ್ತು ನಿಮಿಷದ ಪರೀಕ್ಷೆ ಸಾಕು. ರೈತರು ಕೇಳಿದ್ದೂ ಅದನ್ನೇ ಅಲ್ಲವೇ ಎಂದು ಕಾರ್ಯದರ್ಶಿ ಪತ್ರಿಕೆಯವರಿಗೆ ಹೇಳಿದರು. ಇಷ್ಟು ಲಜ್ಜೆಗೆಟ್ಟ ಮಾತನ್ನು ಇಷ್ಟು ನೀಟಾಗಿ ಹೇಳುವ ಇನ್ನೊಬ್ಬರನ್ನು ನಾನು ನೋಡಿಲ್ಲ. ವರ್ಷದ ಕೊನೆಗೆ ಅವರಿಗೆ ಕೃಷಿ ಸೇವೆಗಾಗಿ ಪದಕ ಬಂತು.

ನಲವತ್ತು ಮಂದಿಯೂ ನೋಂದಾಯಿಸಿಕೊಂಡರು. ನಿದ್ದೆಹೋಗಿದ್ದವನು ಮರುದಿನ ಬಂದು ನೋಂದಾಯಿಸಿಕೊಂಡ. ಥೆಲ್ಮಾ ಮಾತ್ರ ಮೂರು ವಾರ ತಡೆದಳು. ಹೊಸ ಬೆಳೆ ಕೊಯ್ಲಿಗೆ ನಿಂತಿತ್ತು. ಮೊಲದ ಚೀಟಿ ಅವಳಿಗೆ ಇನ್ನು ಸಿಗುವ ಹಾಗಿರಲಿಲ್ಲ, ಏಕೆಂದರೆ ಪ್ರಬಲ ಔಷಧಿಗೂ ಇಲಿ ಬಗ್ಗಿರಲಿಲ್ಲ. ಒಂದು ದಿನ ಫಾರಮ್ ಹಿಡಿದು ನನ್ನ ಗೇಟಿಗೆ ಬಂದಳು.

"ಇದರಲ್ಲಿ 'ಪೂರೈಕೆದಾರರ ದೇಶ' ಅಂತ ಇದೆ ಕಣೋ. ಏನ್ ಬರೀಲಿ?"

"ಉಳಿದವರು ಏನ್ ಬರೆದಿದಾರೆ?"

"'ಇತರೆ' ಅಂತ ಟಿಕ್ ಹಾಕಿದಾರಂತೆ."

"ಹಾಗಾದ್ರೆ ನೀನೂ ಹಾಕು."

"ಇತರೆ," ಎಂದಳು. ಕಿಟಕಿಯಿಂದ ತನ್ನ ಗೋದಾಮಿನ ತಗಡು ನೋಡುತ್ತ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತಳು. ಬೇಡ ಎನ್ನಬೇಕಿತ್ತು ನಾನು. ಎನ್ನಲಿಲ್ಲ. ಅವಳು ಟಿಕ್ ಹಾಕಿ, ಹಿಂಬದಿಯ ಸಣ್ಣಕ್ಷರದ ಹದಿನಾರು ಷರತ್ತುಗಳ ಕೆಳಗೆ ಸಹಿ ಮಾಡಿ, ಪೆನ್ನನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಗಿರಣಿಯೂ ತನ್ನ ಚೀಲ ಬದಲಿಸಿತು. ಹಳೆಯ ಚೀಲದ ಮೇಲೆ ನಮ್ಮೂರ ಹೊಲಗಳ ಚಿತ್ರವಿತ್ತು, ಹೊಸದರ ಮೇಲೆ ಒಂದು ಹಡಗು. ಸಾಗರದಾಚೆಯ ಆಯ್ದ ಗೋಧಿಯಿಂದ ಎಂದು ಬರೆದಿತ್ತು. ಊರಿನವರು ಮೊದಲು ಗೊಣಗಿದರು, ಆಮೇಲೆ ರುಚಿ ನೋಡಿ, ಎಷ್ಟಾದರೂ ಹೊರಗಿನದೇ ಚೆನ್ನ ಎಂದರು.

ಅಕ್ಟೋಬರಿನಲ್ಲಿ ಗಿರಣಿಯು ತನ್ನ ಗೌರವಾನ್ವಿತ ಸಾಗರೋತ್ತರ ಪೂರೈಕೆದಾರರನ್ನು ಒಂದು ದಿನದ ಪ್ರವಾಸಕ್ಕೆ ಆಹ್ವಾನಿಸಿತು. ನಲವತ್ತೆರಡು ಮಂದಿ. ಅವರನ್ನು ಅವರವರ ಮನೆಯ ಮುಂದೆಯೇ ಬಸ್ಸು ಹತ್ತಿಸಿಕೊಂಡು ಬಂತು. ಹ್ಯಾಕ್ಸ್‌ಬಿಯವರು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಕೈ ಕುಲುಕಿ, ಪ್ರಯಾಣ ಸುಖಕರವಾಗಿತ್ತೇ, ನಮ್ಮ ದೇಶಕ್ಕೆ ಇದೇ ಮೊದಲ ಭೇಟಿಯೇ ಎಂದು ಬಿಡಿಬಿಡಿಯಾಗಿ, ಸ್ವಲ್ಪ ಗಟ್ಟಿಯಾಗಿ ಕೇಳಿದರು. ಕೆಲವರು ಹೌದೆಂದು ತಲೆಯಾಡಿಸಿದರು. ಥೆಲ್ಮಾಳ ಕೈಯನ್ನು ಅವರು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರು. ಆದರೆ ಕೇಳಿದ್ದು ಅದನ್ನೇ.

ಷರತ್ತುಗಳಲ್ಲಿ ಒಂಬತ್ತನೆಯದರ ಪ್ರಕಾರ, ಸಾಗರೋತ್ತರ ಪೂರೈಕೆದಾರರು ಗಿರಣಿಯ ಸಿಬ್ಬಂದಿಯೊಡನೆ ಅಧಿಕೃತ ದುಭಾಷಿಯ ಮೂಲಕವೇ ಮಾತನಾಡತಕ್ಕದ್ದು. ತಪ್ಪಿದಲ್ಲಿ ನೋಂದಣಿ ರದ್ದು. ಅದಕ್ಕಾಗಿ ಲಂಡನ್ನಿನಿಂದ ಇಮೋಜೆನ್ ಕ್ಲೇ ಎಂಬ ಮಹಿಳೆಯನ್ನು ಕರೆಸಿದ್ದರು. ಐದು ಭಾಷೆ ಬಲ್ಲವರು. ನಮ್ಮಲ್ಲಿ ಅವರಿಗೆ ಒಂದೇ ಸಾಕಾಗಿತ್ತು.

ಊಟದ ನಂತರ ಅತಿಥಿಗಳ ಪರವಾಗಿ ಎರಡು ಮಾತು ಆಡಲು ಥೆಲ್ಮಾಳನ್ನು ಎಬ್ಬಿಸಿದರು. ಅತ್ಯುತ್ತಮ ಗೋಧಿಯ ಬಹುಮಾನ ಅವಳಿಗೇ ಬಂದಿತ್ತು. ಅವಳು ಹೊಸ ಬಟ್ಟೆಯಲ್ಲಿ ಬಂದಿದ್ದಳು, ಕೈಯಲ್ಲಿ ಕಾಗದವಿರಲಿಲ್ಲ. ಎದ್ದುನಿಂತು ಕಿಟಕಿಯ ಕಡೆ ತೋರಿಸಿದಳು.

"ಅಗೋ ಅಲ್ಲಿ ಕಾಣ್ತಿದೆಯಲ್ಲ, ಆ ಹೊಲದ ಗೋಧಿ ಇದು. ನನ್ನಜ್ಜ ಈ ಗಿರಣಿಗೆ ಗಾಡಿ ಹೊಡ್ಕೊಂಡು ಬಂದೋನು. ನಿಮಗೆಲ್ಲ ಗೊತ್ತಿರೋ ವಿಷಯ ಇದು. ನಾವ್ ಕೇಳಿದ್ದು ಏನು? ನಮ್ಮ ಕಾಳನ್ನೂ ಅವರ ಕಾಳನ್ನೂ ಒಂದೇ ಕಣ್ಣಲ್ಲಿ ನೋಡಿ ಅಂತ. ಅಷ್ಟು ಮಾಡೋಕೆ ಆಗದೆ ನಮ್ಮನ್ನೇ ಊರು ಬಿಡಿಸಿಬಿಟ್ರಲ್ಲ, ನಿಮ್ಮ ಮುಖಕ್ಕೆ ನಾಚಿಕೆ ಅನ್ನೋದು ಇದೆಯಾ?"

ಹ್ಯಾಕ್ಸ್‌ಬಿಯವರು ಕುತೂಹಲದ ಮುಖ ಮಾಡಿಕೊಂಡು ಇಮೋಜೆನ್ ಕ್ಲೇ ಕಡೆ ತಿರುಗಿದರು. ಆಕೆ ಎದ್ದು, ಗಂಟಲು ಸರಿಮಾಡಿಕೊಂಡು, ಅದೇ ಭಾಷೆಯಲ್ಲಿ ಹೇಳಿದರು:

"ಅತಿಥಿಗಳು ತಮ್ಮ ದೇಶದ ಪರವಾಗಿ ಶುಭ ಕೋರುತ್ತಾರೆ. ಈ ಕಿಟಕಿಯಿಂದ ಕಾಣುವ ನೋಟ ತಮ್ಮ ಊರನ್ನು ನೆನಪಿಸಿತು ಎನ್ನುತ್ತಾರೆ. ಇಲ್ಲಿನ ಸಂಕೋಚ ಸ್ವಭಾವದ ಜನರನ್ನು ಅವರು ಬಹಳ ಮೆಚ್ಚಿಕೊಂಡಿದ್ದಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಲವತ್ತೊಂದು ಮಂದಿ ಪೂರೈಕೆದಾರರೂ ತಟ್ಟಿದರು, ಅವರ ಗೋದಾಮಿನಲ್ಲೂ ಗೋಧಿ ಇತ್ತು. ನಾನು ಬಾಗಿಲ ಪಕ್ಕ ನಿಂತಿದ್ದೆ. ನಾನೂ ತಟ್ಟಿದೆ. ಥೆಲ್ಮಾ ಇಮೋಜೆನ್‌ಳನ್ನು ನೋಡಿದಳು, ಹ್ಯಾಕ್ಸ್‌ಬಿಯವರನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಆಮೇಲೆ ಬಹುಮಾನ ತೆಗೆದುಕೊಂಡು ಕುಳಿತಳು. ನಮ್ಮ ದೇಶದ ನೆನಪಿಗೆಂದು ಕೊಟ್ಟ ಒಂದು ಟೀಪಾಟು ಅದು.

ನವೆಂಬರಿನಲ್ಲಿ ಒಂದು ಭಾನುವಾರ ಕಾಲುವೆಯ ದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಅವಳು ತನ್ನ ಬೇಲಿಯ ಹತ್ತಿರ ನಿಂತಿದ್ದಳು, ಬೂಟಿಗೆ ಹಸಿಮಣ್ಣು ಮೆತ್ತಿತ್ತು. ಬಿತ್ತನೆ ಆಯ್ತೇನೇ ಥೆಲ್ಮಾ ಎಂದು ಕೇಳಿದೆ. ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ನಾನು ಗಿರಣಿಯ ಸಿಬ್ಬಂದಿ, ಹೊಸ ಬೆಳೆ ಅವಳ ಗೋದಾಮಿನಲ್ಲಿ ಇನ್ನೂ ಮಾರಾಟವಾಗದೆ ಕೂತಿತ್ತು. ಅತ್ತಿತ್ತ ನೋಡಿ, ಒಂಬತ್ತು ಬೆರಳು ಎತ್ತಿ ತೋರಿಸಿ, ಬೇಲಿಯ ಆಚೆಗೆ ಹೋಗಿಬಿಟ್ಟಳು.

ಅವಳು ಮಾಡಿದ್ದು ಸರಿ, ಒಂಬತ್ತನೆಯ ಷರತ್ತು ಇರುವುದೇ ಹಾಗೆ. ನಾನು ಮರುದಿನ ದುಭಾಷಿಯ ಕಚೇರಿಗೆ ನಿಗದಿತ ನಮೂನೆಯಲ್ಲಿ ಅದೇ ಪ್ರಶ್ನೆ ಕಳಿಸಿದೆ. ಹನ್ನೆರಡು ಕೆಲಸದ ದಿನಗಳಲ್ಲಿ ಲಂಡನ್ನಿನಿಂದ ಉತ್ತರ ಬಂತು. ಆಗಿದೆಯಂತೆ.